ಮೊದಲು ಒಂದು ಗೋಡೆ ಕೊಡಿ: ಕೋಲಾರ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ, ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳಿಗೆ,

ನಮಸ್ಕಾರ.

ಚಿತ್ರಕಲಾ ಪ್ರದರ್ಶನ ಅಂದ ಕೂಡಲೇ ನಮ್ಮ ಕಡೆ ನಡೆಯುವುದು ಹೀಗೆ. ಯಾವುದೋ ಸಭಾಂಗಣ ಗೊತ್ತಾಗುತ್ತದೆ. ಶಾಮಿಯಾನದವರಿಂದ ಹಸಿರು ಬಟ್ಟೆ ಸುತ್ತಿದ ಬೋರ್ಡುಗಳು ಬರುತ್ತವೆ. ಹಾಲಿನ ಅತಿ ಉದ್ದದ ಗೋಡೆಗೆ ಉದ್ಘಾಟನೆಯ ಫ್ಲೆಕ್ಸ್ ಏರುತ್ತದೆ, ಚಿತ್ರಗಳು ಕಿಟಕಿ ಸರಳಿಗೆ ಕಟ್ಟಿದ ಗೋಣಿದಾರದಲ್ಲಿ ನೇತಾಡುತ್ತವೆ. ದೀಪ ಹಚ್ಚಿ, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಎಲ್ಲರೂ ಊಟಕ್ಕೆ ಹೋಗುತ್ತಾರೆ. ಸಂಜೆ ಐದಕ್ಕೆ ಹಾಲ್ ಖಾಲಿಯಾಗಬೇಕು, ಮರುದಿನ ಅಲ್ಲಿ ಇನ್ನೊಂದು ಕಾರ್ಯಕ್ರಮ. ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ. ನಾಟಕಕ್ಕೆ ರಂಗಮಂದಿರ ಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಟಿ. ಚನ್ನಯ್ಯ ರಂಗಮಂದಿರ ಅದಕ್ಕೇ ಇದೆ. ಚಿತ್ರಕ್ಕೆ ಏನು ಬೇಕು ಅಂತ ಯಾರೂ ಕೇಳಿಲ್ಲ; ಕಲಾವಿದರಾದ ನಾವೂ ಬರೆದುಕೊಟ್ಟಿಲ್ಲ. ಈಗ ಬರೆಯುತ್ತಿದ್ದೇವೆ.

ಹೊಸ ಕಲಾಭವನ, ಅದಕ್ಕೊಂದು ಕಾರಂಜಿ, ಇವು ನಮ್ಮ ಬೇಡಿಕೆಯಲ್ಲ. ಈಗಾಗಲೇ ಇರುವ ಯಾವುದಾದರೂ ಸರ್ಕಾರಿ ಕಟ್ಟಡದ ನೆಲಮಹಡಿಯಲ್ಲಿ 30 ಅಡಿಗೆ 40 ಅಡಿಯ ಒಂದು ಹಾಲ್ ಸಾಕು. ಅದರ ಸುತ್ತಳತೆ 140 ಅಡಿ. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡು ಕಳೆದು 100 ಅಡಿ ಗೋಡೆ ಉಳಿದರೆ 20ರಿಂದ 25 ಚಿತ್ರಗಳನ್ನು ಉಸಿರಾಡಲು ಜಾಗ ಬಿಟ್ಟು ತೂಗುಹಾಕಬಹುದು. ಒಬ್ಬ ಕಲಾವಿದರ ಪ್ರದರ್ಶನಕ್ಕೆ ಅಷ್ಟು ಧಾರಾಳ.

ಒಂದು ಚಿತ್ರ ಗೋಡೆಗೆ ಬರುವ ಮುಂಚೆ ಏನೇನು ದಾಟಿ ಬರುತ್ತದೆ ಅನ್ನುವುದು ತಿಳಿದರೆ ಉಳಿದ ಮಾತುಗಳು ಅತಿ ಅನ್ನಿಸಲಾರವು. 3 ಅಡಿಗೆ 4 ಅಡಿಯ ಸಾಧಾರಣ ಕ್ಯಾನ್ವಾಸನ್ನೇ ತೆಗೆದುಕೊಳ್ಳಿ. ಅದರ ಚೌಕಟ್ಟಿಗೆ ನಮ್ಮಲ್ಲಿ ಎಲ್ಲಿ ನೋಡಿದರಲ್ಲಿ ಸಿಗುವ ನೀಲಗಿರಿ ಆಗುವುದಿಲ್ಲ. ಒಣಗುತ್ತ ಒಣಗುತ್ತ ಅದು ತಿರುಚಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಚಿತ್ರದ ಒಂದು ಮೂಲೆ ಗೋಡೆ ಬಿಟ್ಟು ಮುಂದಕ್ಕೆ ಬಂದಿರುತ್ತದೆ. ಚೆನ್ನಾಗಿ ಒಣಗಿದ ಪೈನ್ ಅಥವಾ ಸಿಲ್ವರ್ ಓಕ್ ಬೇಕು. ನಾಲ್ಕು ಮೂಲೆಯನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಕಡೆ ಸರಿಯಾಗಿ 60 ಇಂಚು ಬರಬೇಕು. ಕಾಲಿಂಚು ಹೆಚ್ಚುಕಮ್ಮಿ ಬಂದರೂ ಚೌಕಟ್ಟು ಸೊಟ್ಟ ಎಂದೇ ಅರ್ಥ, ಬಟ್ಟೆ ಎಷ್ಟು ಎಳೆದರೂ ಆ ಸೊಟ್ಟ ಹೋಗುವುದಿಲ್ಲ. ಬಟ್ಟೆಯ ಕಡೆಯ ಮರವನ್ನು ಒಳಮುಖವಾಗಿ ಇಳಿಜಾರು ಹೆರೆದಿರಬೇಕು. ಹೆರೆಯದೆ ಬಿಟ್ಟರೆ ಕುಂಚ ಒತ್ತಿದಾಗಲೆಲ್ಲ ಬಟ್ಟೆ ಮರಕ್ಕೆ ತಾಗಿ ಚಿತ್ರದ ನಾಲ್ಕೂ ಸುತ್ತ ಒಂದು ಗೆರೆ ಏಳುತ್ತದೆ.

ಬಟ್ಟೆಯನ್ನು 42 ಇಂಚಿಗೆ 54 ಇಂಚು ಕತ್ತರಿಸಿದರೆ ಸುತ್ತಲೂ ಮೂರಿಂಚು ಮಡಚಲು ಸಿಗುತ್ತದೆ. ಒಂದು ಬದಿಯ ಮಧ್ಯಕ್ಕೆ ಒಂದು ಪಿನ್ನು, ಎಳೆದು ಎದುರು ಬದಿಯ ಮಧ್ಯಕ್ಕೆ ಒಂದು. ಆಮೇಲೆ ಉಳಿದೆರಡು ಬದಿ. ಅಲ್ಲಿಂದ ಎರಡೆರಡು ಇಂಚಿನಂತೆ ಮೂಲೆಗಳ ಕಡೆ ಸರಿಯಬೇಕು, ಮೂಲೆ ಯಾವತ್ತೂ ಕೊನೆಗೆ. ಮೂಲೆಯಿಂದ ಶುರುಮಾಡುವ ಹುಡುಗರ ಕ್ಯಾನ್ವಾಸಿನಲ್ಲಿ ಓರೆಯಾಗಿ ಒಂದು ಸುಕ್ಕು ಉಳಿದೇ ಉಳಿಯುತ್ತದೆ, ಜೆಸ್ಸೊ (ಬಣ್ಣಕ್ಕೂ ಮೊದಲು ಬಟ್ಟೆಗೆ ಹಚ್ಚುವ ಬಿಳಿ ಲೇಪ) ಬಳಿದು ಅದನ್ನು ಮುಚ್ಚಲಾಗದು. ಜೆಸ್ಸೊ ಮೂರು ಕೋಟು. ಮೊದಲ ಕೋಟಿಗೆ ಕಾಲುಭಾಗ ನೀರು ಬೆರೆಸಬಹುದು. ಉಳಿಸಬೇಕೆಂದು ಅರ್ಧಕ್ಕರ್ಧ ಬೆರೆಸಿದರೆ ಅಂಟು ತೆಳುವಾಗಿ, ಒಣಗಿದ ಮೇಲೆ ಸುಣ್ಣದ ಹಾಗೆ ಬೆರಳಿಗೆ ಹತ್ತುತ್ತದೆ. ಒಂದು ಕೋಟು ಅಡ್ಡ, ಇನ್ನೊಂದು ಉದ್ದ, ನಡುವೆ 220 ನಂಬರಿನ ಉಪ್ಪುಕಾಗದ.

ನೀರಿನ ವಿಷಯಕ್ಕೆ ಬಂದರೆ ಇಲ್ಲಿ ಕೋಲಾರದ್ದೇ ಒಂದು ತೊಡಕಿದೆ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಜಲವರ್ಣ ಕಲಸಿದರೆ, ಒಣಗಿದ ಮೇಲೆ ಗಾಢ ನೀಲಿ, ಕಪ್ಪಿನ ಮೇಲೆ ಬಿಳಿ ಪೊರೆ ಏಳುತ್ತದೆ. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯೇ ಅದು. ಶುದ್ಧ ನೀರಿನ ಘಟಕದ ಒಂದು ಕ್ಯಾನ್ ತಂದಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಶಾಲೆಯ ಚಿತ್ರಕಲಾ ಶಿಕ್ಷಕರು ದಯವಿಟ್ಟು ಇದನ್ನು ಗಮನಿಸಬೇಕು, ಬಣ್ಣದ ಕಂಪನಿಯನ್ನು ಬೈಯುವುದು ಆಮೇಲೆ.

ತೈಲವರ್ಣವಾದರೆ ಕಾಲವೇ ಬೇರೆ. ಕೆಳಗಿನ ಪದರ ಟರ್ಪೆಂಟೈನಿನಲ್ಲಿ ತೆಳು, ಮೇಲೆ ಹೋದಂತೆ ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ ಬಿಗಿಯುತ್ತದೆ, ಕೆಳಗಿನದು ಇನ್ನೂ ಜೀವಂತವಾಗಿ ಅಲುಗುತ್ತಿರುತ್ತದೆ, ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ತೆಳು ಪದರ ಕೈಗೆ ಅಂಟದಂತಾಗಲು ಸುಮಾರು ಒಂದು ವಾರ, ದಪ್ಪ ಬಳಿದದ್ದಕ್ಕೆ ವಾರಗಟ್ಟಲೆ, ವಾರ್ನಿಷಿಗೆ ಕನಿಷ್ಠ ಆರು ತಿಂಗಳು. ಆದ್ದರಿಂದ ‘ಮುಂದಿನ ವಾರ ಉತ್ಸವ ಇದೆ, ಹೊಸ ಚಿತ್ರ ತನ್ನಿ’ ಅನ್ನುವ ಫೋನ್ ಕರೆಗೆ ನಾವು ತರುವುದು ಒಂದೋ ಹಳೆಯ ಚಿತ್ರ, ಇಲ್ಲವೇ ಹಸಿ ಚಿತ್ರ. ಮೂರು ತಿಂಗಳು ಮುಂಚೆ ಹೇಳಿ. ಇದಕ್ಕೆ ಬಜೆಟ್ಟೇನೂ ಬೇಕಾಗಿಲ್ಲ.

ಆಕ್ರಿಲಿಕ್ ಅರ್ಧ ಗಂಟೆಯಲ್ಲಿ ಒಣಗುತ್ತದೆ ನಿಜ, ಆದರೆ ಸೆಕೆಗೆ ಮೆತ್ತಗಾಗುವ ಗುಣ ಅದನ್ನು ಬಿಡುವುದಿಲ್ಲ. ಬಬಲ್ ರ‍್ಯಾಪನ್ನು ನೇರವಾಗಿ ಬಣ್ಣಕ್ಕೆ ಸುತ್ತಿ, ಮುಚ್ಚಿದ ಟೆಂಪೊದಲ್ಲಿ ಏಪ್ರಿಲ್ ಬಿಸಿಲಿಗೆ ಬೆಂಗಳೂರಿಂದ 70 ಕಿ.ಮೀ. ತಂದರೆ, ಬಿಚ್ಚುವಾಗ ಚಿತ್ರದ ತುಂಬ ಗುಳ್ಳೆಗಳ ಅಚ್ಚು ಬಿದ್ದಿರುತ್ತದೆ. ಅದು ಮತ್ತೆ ಹೋಗುವುದಿಲ್ಲ. ನಡುವೆ ಗ್ಲಾಸೀನ್ ಕಾಗದ (ಬಣ್ಣಕ್ಕೆ ಅಂಟದ ನುಣುಪು ಕಾಗದ) ಇರಬೇಕು, ಗುಳ್ಳೆಯ ಬದಿ ಹೊರಕ್ಕಿರಬೇಕು. ಎರಡು ಚಿತ್ರ ಜೋಡಿಸುವಾಗ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುವೆ ರಟ್ಟು. ಒಂದರ ಚೌಕಟ್ಟಿನ ಮೂಲೆ ಇನ್ನೊಂದರ ಬಟ್ಟೆಗೆ ಒತ್ತಿದರೆ ಉಬ್ಬು ಬಿತ್ತೆಂದೇ ಲೆಕ್ಕ. ಸುರುಳಿ ಸುತ್ತುವುದಾದರೆ ಬಣ್ಣ ಹೊರಮುಖವಾಗಿರಬೇಕು, ಆರಿಂಚಿಗಿಂತ ದಪ್ಪದ ಪಿವಿಸಿ ಪೈಪಿನ ಮೇಲೆ. ಒಳಮುಖ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕುಗಟ್ಟುತ್ತದೆ, ಬಿಚ್ಚಿದಾಗ ಕಳಚುತ್ತದೆ.

ಇಷ್ಟೆಲ್ಲ ದಾಟಿ ಬಂದದ್ದಕ್ಕೆ ಹಾಲಿನ ಬಾಗಿಲಲ್ಲೇ ಸಿಗುವ ಸ್ವಾಗತ: ‘ಗೋಡೆಗೆ ಮೊಳೆ ಹೊಡೆಯಬಾರದು’. ಬರೆಸಿದವರನ್ನು ದೂರುವುದಕ್ಕಾಗದು. ಸಿಮೆಂಟು ಗೋಡೆಗೆ ಮೊಳೆ ಹೊಡೆದರೆ ರೂಪಾಯಿ ಅಗಲ ಗಾರೆ ಉದುರುತ್ತದೆ, ಮುಂದಿನವರು ಅದರ ಪಕ್ಕಕ್ಕೇ ಇನ್ನೊಂದು ಹೊಡೆಯುತ್ತಾರೆ. ಮೊಳೆಯ ಬದಲು ಎರಡು ಬದಿ ಅಂಟುವ ಟೇಪು ಹಚ್ಚಿದರೆ ಬೆಳಗ್ಗೆ ಹತ್ತಕ್ಕೆ ನಿಂತ ಚಿತ್ರ ಮಧ್ಯಾಹ್ನ ಎರಡಕ್ಕೆ ನೆಲದಲ್ಲಿರುತ್ತದೆ, ಬರುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬಂದಿರುತ್ತದೆ. ಮೊಳೆ ತಿಂದರೂ ಹಾಳಾಗದ ಗೋಡೆಯೇ ಇದಕ್ಕೆ ಪರಿಹಾರ. ಸಿಮೆಂಟು ಗೋಡೆಗೆ ಎರಡೆರಡು ಅಡಿಗೊಂದರಂತೆ ಒಂದಿಂಚು ದಪ್ಪದ ರೀಪರು ಬಡಿದು, ಅದರ ಮೇಲೆ 12 ಎಂಎಂ ನೀರು ತಡೆಯುವ ದರ್ಜೆಯ ಪ್ಲೈವುಡ್. 8 ಅಡಿಗೆ 4 ಅಡಿಯ ಶೀಟನ್ನು ನಿಲ್ಲಿಸಿ ಹೊಡೆದರೆ 100 ಅಡಿಗೆ 25 ಶೀಟು. ಕೂಡುಜಾಗಕ್ಕೆ ಟೇಪು, ಪುಟ್ಟಿ. ಮೇಲೆ ಬಿಳಿ ಮ್ಯಾಟ್ ಎಮಲ್ಷನ್. ಎನಾಮಲ್ ಖಂಡಿತ ಬೇಡ, ಅದು ಎದುರಿನ ದೀಪವನ್ನೆಲ್ಲ ಕನ್ನಡಿಯ ಹಾಗೆ ತೋರಿಸುತ್ತದೆ. ನೆಲದಿಂದ ನಾಲ್ಕಿಂಚು ಮೇಲಕ್ಕೆ ಶೀಟು ಶುರುವಾಗಲಿ. ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ, ನೆಲ ಒರೆಸುವ ನೀರೂ ತಾಗದು. ಹಿಂದಿನ ಒಂದಿಂಚು ಸಂದಿನಲ್ಲಿ ಗಾಳಿಯಾಡುವುದರಿಂದ ಮಳೆಗಾಲದಲ್ಲಿ ಹೊರಗೋಡೆಯ ತೇವ ಕ್ಯಾನ್ವಾಸಿನ ಬೆನ್ನಿಗೆ ಬಾರದು. ಪ್ರದರ್ಶನ ಮುಗಿದ ಮೇಲೆ ತೂತಿಗೆ ಚಿಟಿಕೆ ಪುಟ್ಟಿ ಒತ್ತಿ, ಒಂದು ರೋಲರ್ ಬಣ್ಣ ಎಳೆದರೆ ಗೋಡೆ ಮತ್ತೆ ಹೊಸದು. ಈ ಕೆಲಸವನ್ನು ಪ್ರದರ್ಶನ ಮಾಡಿದವರಿಂದಲೇ ಮಾಡಿಸಿ, ಠೇವಣಿ ಇಟ್ಟುಕೊಳ್ಳಿ, ನಮ್ಮ ಅಭ್ಯಂತರವಿಲ್ಲ.

ತೂಗುಹಾಕುವ ಲೆಕ್ಕ ಹಾಲಿನ ಸಿಬ್ಬಂದಿಗೂ ತಿಳಿದಿದ್ದರೆ ಒಳ್ಳೆಯದು. ಚಿತ್ರದ ಮೇಲಂಚನ್ನೋ ಕೆಳಅಂಚನ್ನೋ ಒಂದೇ ಸಾಲಿಗೆ ತರುವುದಲ್ಲ. ಚಿತ್ರದ ನಡುಮಧ್ಯ ನೆಲದಿಂದ 58 ಇಂಚಿನಲ್ಲಿ ಬರಬೇಕು, ನಿಂತವರ ಕಣ್ಣಿನ ಮಟ್ಟ ಹೆಚ್ಚುಕಮ್ಮಿ ಅಲ್ಲಿದೆ. ಚಿತ್ರದ ಎತ್ತರ 36 ಇಂಚು ಅಂದುಕೊಳ್ಳಿ, ಅರ್ಧ 18. ಬೆನ್ನಿನ ತಂತಿಯನ್ನು ಬೆರಳಿಂದ ಮೇಲಕ್ಕೆ ಎಳೆದಾಗ ಅದು ಮೇಲಂಚಿಗಿಂತ ಮೂರಿಂಚು ಕೆಳಗೆ ನಿಂತರೆ, 58ಕ್ಕೆ 18 ಕೂಡಿಸಿ 3 ಕಳೆಯಿರಿ: ಮೊಳೆ 73 ಇಂಚಿಗೆ. ಒಂದು ಮೊಳೆ ಸಾಲದು, ಹತ್ತಿಂಚು ಅಂತರದಲ್ಲಿ ಎರಡು ಇದ್ದರೆ ಲಾರಿ ಹೋದಾಗ ನೆಲ ಅದುರಿದರೂ ಚಿತ್ರ ವಾಲುವುದಿಲ್ಲ. (ಎರಡು ಮೊಳೆಯಾದರೆ ತಂತಿ ಇನ್ನೊಂದಷ್ಟು ಕೆಳಗೇ ನಿಲ್ಲುತ್ತದೆ, ಎರಡು ಬೆರಳಿಂದ ಎಳೆದು ಅಳೆಯಿರಿ.) ಕೆಳಗಿನ ಎರಡು ಮೂಲೆಯ ಹಿಂದೆ ಅರ್ಧ ಇಂಚಿನ ಕಾರ್ಕ್ ತುಂಡು.

ಬೆಳಕಿಗೆ ಬರೋಣ. ಹಣ ಹೆಚ್ಚು ಖರ್ಚಾಗಿಯೂ ಹೆಚ್ಚು ಕೆಡುವುದು ಇಲ್ಲೇ. ನಮ್ಮಲ್ಲಿ ಹಲವರು ಈ ಜಿಲ್ಲೆಯ ಕೆಮ್ಮಣ್ಣನ್ನೇ ಬಣ್ಣ ಮಾಡಿಕೊಳ್ಳುತ್ತಾರೆ: ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಗ್ಗಿಸಿ, ಒಣಗಿಸಿ, ಅರೆದು, ಅಂಟಿನ ನೀರಲ್ಲಿ ಕಲಸಿದ್ದು. ಅದೇ ಚಿತ್ರವನ್ನು ಕಚೇರಿಯ ನೀಲಿಬಿಳಿ ಟ್ಯೂಬ್‌ಲೈಟಿನಡಿ ನೋಡಿದರೆ ಕೆಮ್ಮಣ್ಣು ಸಗಣಿ ಬಣ್ಣಕ್ಕೆ ತಿರುಗಿರುತ್ತದೆ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ) ದೀಪ ಅಂಗಡಿಗೆ ಸರಿ. ಗ್ಯಾಲರಿಗೆ 3000ದಿಂದ 4000, ಸಿಆರ್‌ಐ (ಬಣ್ಣವನ್ನು ಇದ್ದ ಹಾಗೆ ತೋರಿಸುವ ಗುಣದ ಅಂಕ) 90ಕ್ಕಿಂತ ಮೇಲೆ ಎಂದು ಟೆಂಡರಿನಲ್ಲೇ ಬರೆಯಿರಿ. ಬರೆಯದಿದ್ದರೆ ಬರುವುದು 80ರದ್ದು. ಎಷ್ಟು ಬೆಳಕು? ಕಾಗದ, ಜಲವರ್ಣ, ರೇಷ್ಮೆಗೆ 50 ಲಕ್ಸ್, ತೈಲ ಮತ್ತು ಆಕ್ರಿಲಿಕ್‌ಗೆ 200. ಹೋಲಿಕೆಗೆ ಹೇಳುವುದಾದರೆ, ನೇರ ಬಿಸಿಲು ಲಕ್ಷ ಲಕ್ಸಿನವರೆಗೂ ಹೋಗುತ್ತದೆ. ಬೆಳಕು ಲಂಬರೇಖೆಯಿಂದ 30 ಡಿಗ್ರಿ ಓರೆಯಲ್ಲಿ ಬೀಳಬೇಕು. ಇನ್ನೂ ಕಡಿದಾದರೆ ಚೌಕಟ್ಟಿನ ನೆರಳು ಚಿತ್ರದ ಹಣೆಯ ಮೇಲೆ, ಹೆಚ್ಚು ಓರೆಯಾದರೆ ನೋಡುವವರ ನೆರಳೇ ಚಿತ್ರದ ಮೇಲೆ. ಚಾವಣಿ 12 ಅಡಿ ಇದ್ದರೆ ಈ ಲೆಕ್ಕದಲ್ಲಿ ದೀಪದ ಟ್ರ್ಯಾಕ್ (ದೀಪ ಸಿಕ್ಕಿಸುವ ಚಾವಣಿಯ ಪಟ್ಟಿ) ಗೋಡೆಯಿಂದ 4 ಅಡಿ ದೂರ ಬರುತ್ತದೆ, 10 ಅಡಿ ಇದ್ದರೆ 3 ಅಡಿ. ಟ್ರ್ಯಾಕನ್ನು ಹಾಲಿನ ನಟ್ಟನಡುವೆ ಹೊಡೆಸಿ ‘ಎಲ್ಲ ಕಡೆಗೂ ಬರುತ್ತೆ ಬಿಡಿ’ ಅನ್ನುವುದು ಎಲೆಕ್ಟ್ರಿಷಿಯನ್ನರ ಅಭ್ಯಾಸ; ನಕ್ಷೆಯಲ್ಲೇ ಗೆರೆ ಎಳೆದುಕೊಡಿ. ನಾಲ್ಕು ಅಡಿಗೊಂದರಂತೆ 25 ದೀಪ, ತಲಾ 12 ವ್ಯಾಟ್, ಒಟ್ಟು 300. ಒಂದು ಇಸ್ತ್ರಿ ಪೆಟ್ಟಿಗೆ ಇದರ ಎರಡರಷ್ಟಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ.

ಕಿಟಕಿಯ ವಿಷಯದಲ್ಲಿ ಪುಸ್ತಕದ ಮಾತು ಇಲ್ಲಿ ಕೈಕೊಡುತ್ತದೆ. ಸ್ಟುಡಿಯೋಗೆ ಉತ್ತರದ ಕಿಟಕಿ ಇರಲಿ, ಬಿಸಿಲು ಬರುವುದಿಲ್ಲ ಎಂದು ಕಲಾಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಯುರೋಪಿನ ಮಾತು. ಕೋಲಾರ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಜೂನ್ ತಿಂಗಳ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬೀಳುತ್ತದೆ. ಮಧ್ಯಾಹ್ನದ್ದನ್ನು ಎರಡಡಿ ಸಜ್ಜಾ ತಡೆಯುತ್ತದೆ, ಬೆಳಗು-ಸಂಜೆಯದಕ್ಕೆ ಕಿಟಕಿಯ ಎರಡೂ ಪಕ್ಕ ನಿಲುವಾದ ಗೋಡೆಯ ರೆಕ್ಕೆ ಬೇಕು. ಪ್ರದರ್ಶನದ ಹಾಲಿಗಾದರೆ ಇಷ್ಟು ರಗಳೆಯೇ ಬೇಡ: ಪಶ್ಚಿಮದ ಕಿಟಕಿಗಳನ್ನು ಅದೇ ಪ್ಲೈವುಡ್ಡಿನಿಂದ ಮುಚ್ಚಿಬಿಡಿ, ಗೋಡೆಯೂ ಉದ್ದವಾಗುತ್ತದೆ.

ನೆಲಮಹಡಿ ಅಂತ ಮೊದಲೇ ಹೇಳಿದ್ದಕ್ಕೆ ಕಾರಣ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ದೇವರ ವಿಗ್ರಹಗಳಿಗೆ ಹೆಸರಾದ ಶಿಲ್ಪಿಗಳ ಊರು ಈ ಜಿಲ್ಲೆಯಲ್ಲೇ ಇದ್ದೂ ಜಿಲ್ಲಾ ಕೇಂದ್ರದ ಪ್ರದರ್ಶನದಲ್ಲಿ ಕಲ್ಲು ಕಾಣುವುದು ಅಪರೂಪ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ. ಒಂದೂವರೆ ಅಡಿ ಚೌಕದ, ನಾಲ್ಕು ಅಡಿ ಎತ್ತರದ ಕಲ್ಲು ಒಂಬತ್ತು ಘನ ಅಡಿ, ಅಂದರೆ 675 ಕಿಲೋ. ಕೆತ್ತಿ ಕಳೆದದ್ದು ಕಳೆದರೂ 400 ಉಳಿಯುತ್ತದೆ. ಅದನ್ನು ಮೊದಲ ಮಹಡಿಗೆ ಹೊರುವವರಿಲ್ಲ. ಎರಡು ಕದ ತೆರೆದರೆ ಆರಡಿ ಸಿಗುವ ಬಾಗಿಲು, ಮೆಟ್ಟಿಲ ಪಕ್ಕ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರಿನ ರ‍್ಯಾಂಪು ಸಾಕು. ಗಾಲಿಕುರ್ಚಿಯವರೂ ಅದೇ ದಾರಿಯಲ್ಲಿ ಬರುತ್ತಾರೆ. ಟೈಲ್ಸ್ ನೆಲವಾದರೆ ಕಲ್ಲಿನಡಿ ಪ್ಲೈವುಡ್ ತುಂಡು ಹಾಸದೆ ಮೀಟುವ ಹಾರೆ ಇಡಬಾರದು, ಟೈಲ್ಸ್ ಸೀಳುತ್ತದೆ.

ವಿಡಿಯೊ ಕೆಲಸ, ಇನ್‌ಸ್ಟಲೇಷನ್ (ವಸ್ತುಗಳನ್ನು ಜೋಡಿಸಿ ಜಾಗವನ್ನೇ ಕೃತಿಯಾಗಿಸುವುದು) ಮಾಡುವ ಹುಡುಗ ಹುಡುಗಿಯರು ಈಗ ಹಳ್ಳಿಗಳಲ್ಲೂ ಇದ್ದಾರೆ. ಅವರಿಗಾಗಿ ಪ್ರತಿ ಗೋಡೆಗೆ ಎರಡು ಪ್ಲಗ್ಗು, ನೆಲದಿಂದ ಒಂದಡಿ ಎತ್ತರದಲ್ಲಿ. ಚಾವಣಿಯಲ್ಲಿ ಪ್ರೊಜೆಕ್ಟರಿಗೆ ಒಂದು. ಅಷ್ಟೇ.

ಕಟ್ಟಡ ಸರಿಯಾದರೂ ವೇಳಾಪಟ್ಟಿ ಕೆಡಿಸಬಹುದು. ಒಂದು ಪ್ರದರ್ಶನಕ್ಕೆ ಏಳು ದಿನ, ಏರಿಸಲು ಮುಂಚೆ ಒಂದು ದಿನ, ಇಳಿಸಲು ಆಮೇಲೆ ಒಂದು ದಿನ, ಒಟ್ಟು ಒಂಬತ್ತು ದಿನಕ್ಕೆ ಹಾಲ್ ಕೊಡಿ. ನಡುವೆ ‘ಎರಡೇ ಗಂಟೆಯ ಸಭೆ’ ಅಂತ ಕುರ್ಚಿ ತಂದು ಹಾಕಬಾರದು. ಕುರ್ಚಿಯ ಬೆನ್ನು ಗೋಡೆಗೆ ಒರಗುವ ಎತ್ತರವೂ ಕ್ಯಾನ್ವಾಸಿನ ಕೆಳಅಂಚಿನ ಎತ್ತರವೂ ಹೆಚ್ಚುಕಮ್ಮಿ ಒಂದೇ. ಭಾನುವಾರ ತೆರೆದಿರಬೇಕು. ಜನ ಬರಬಹುದಾದ ಒಂದೇ ದಿನ ಬೀಗ ಹಾಕಿ, ನೋಡುವವರೇ ಇಲ್ಲ ಎಂದು ವರದಿ ಬರೆಯುವುದು ನ್ಯಾಯವಲ್ಲ. ರಜೆ ಬೇಕಾದರೆ ಸೋಮವಾರ ಕೊಡಿ. ಉದ್ಘಾಟನೆಯ ದೀಪ ಬಾಗಿಲ ಹೊರಗೆ, ಜಗುಲಿಯಲ್ಲಿ ಬೆಳಗಲಿ. ಎಣ್ಣೆ ದೀಪದ ಮಸಿ ಹತ್ತಿರದ ಚಿತ್ರಕ್ಕೆ ಹತ್ತುತ್ತದೆ. ಫ್ಲೆಕ್ಸಿಗೂ ಹೊರಗೋಡೆಯೇ ಲೇಸು, ಅಲ್ಲಿ ಅತಿಥಿಗಳ ಮುಖ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಎಂಜಿನಿಯರುಗಳಲ್ಲಿ ಒಂದು ವಿಶೇಷ ವಿನಂತಿ. ಅಂದಾಜುಪಟ್ಟಿ ಬರೆಯುವ ಮುಂಚೆ ಒಂದು ದಿನ ಬೆಂಗಳೂರಿಗೆ ಹೋಗಿ ಬನ್ನಿ, ಮಂಗಳವಾರದಿಂದ ಭಾನುವಾರದೊಳಗೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹಳೆಯ ಕಟ್ಟಡಕ್ಕೆ ಹೊಸ ಗ್ಯಾಲರಿಯನ್ನು ಹೇಗೆ ಹೊಂದಿಸಿದ್ದಾರೆ ನೋಡಿ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ), ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಕೂಡ ಅದೇ ದಿನ ಆಗುತ್ತವೆ. ಚಿತ್ರ ಆಮೇಲೆ ನೋಡುವಿರಂತೆ. ಮೊದಲು ತಲೆಯೆತ್ತಿ ದೀಪದ ಟ್ರ್ಯಾಕ್ ಗೋಡೆಯಿಂದ ಎಷ್ಟು ದೂರ ಇದೆ, ಪ್ಲಗ್ಗು ಎಲ್ಲಿ ಅಡಗಿದೆ, ಗೋಡೆ ನೆಲಕ್ಕೆ ಕೂಡುವಲ್ಲಿ ಏನು ಮಾಡಿದ್ದಾರೆ ಗಮನಿಸಿ.

ಅದೇ ಬಸ್ಸಿನಲ್ಲಿ ವರ್ಷಕ್ಕೊಮ್ಮೆ ಪ್ರೌಢಶಾಲೆಯ ಮಕ್ಕಳನ್ನೂ ಕಳಿಸಿ. ಫೋನಿನಲ್ಲಿ ಆರು ಅಡಿ ಚಿತ್ರವೂ ಅಂಗೈ ಚಿತ್ರವೂ ಒಂದೇ ಅಳತೆ. ನಲವತ್ತು ಮಕ್ಕಳನ್ನು ಒಟ್ಟಿಗೆ ಒಂದು ಚಿತ್ರದ ಮುಂದೆ ನಿಲ್ಲಿಸಿದರೆ ಮುಂದಿನ ಸಾಲು ಬಿಟ್ಟು ಉಳಿದವರು ನೋಡುವುದು ತಲೆಗಳನ್ನು. ಹತ್ತು ಹತ್ತು ಜನರ ಗುಂಪು ಮಾಡಿ, ಗುಂಪಿಗೊಬ್ಬ ಶಿಕ್ಷಕರು. ಚೀಲ ಹೊರಗೆ, ಕೈಯಲ್ಲಿ ಪೆನ್ಸಿಲ್ ಮಾತ್ರ. ಪೆನ್ನು ಜಾರಿ ತಾಗಿದರೆ ಅಳಿಸಲಾಗದು. ಮೊದಲು ದೂರದಿಂದ, ಆಮೇಲೆ ಪಕ್ಕದಿಂದ ಓರೆಯಾಗಿ ನೋಡಲು ಹೇಳಿ: ಬಣ್ಣದ ದಪ್ಪ, ಕುಂಚ ಎಲ್ಲಿ ತಿರುಗಿತು, ಎಲ್ಲಿ ಕೆರೆದು ಮತ್ತೆ ಬಳಿದಿದ್ದಾರೆ ಎಲ್ಲ ಆಗ ಕಾಣುತ್ತದೆ. ಚಿತ್ರದ ಪಕ್ಕದ ಚೀಟಿಯಲ್ಲಿ ಅಳತೆ ಬರೆದಿರುತ್ತದೆ, ಎತ್ತರ ಮೊದಲು, ಅಗಲ ಆಮೇಲೆ. ಒಂದು ತಾಸಿನಲ್ಲಿ ಐದು ಚಿತ್ರ ಸಾಕು. ಇಡೀ ಸಂಗ್ರಹಾಲಯ ಓಡಿ ಮುಗಿಸಿದ ಮಗುವಿಗೆ ನೆನಪಿರುವುದು ಕ್ಯಾಂಟೀನು.

ಮೇಲಿನ ಅಳತೆಗಳನ್ನೆಲ್ಲ ಒಂದು ಹಾಳೆಯ ನಕ್ಷೆಯಾಗಿ ಬರೆದಿಟ್ಟಿದ್ದೇವೆ. ಯಾವ ಹಾಲ್ ಎಂದು ನೀವು ಗುರುತಿಸಿ ಹೇಳಿದರೆ ಟೇಪು, ಲಕ್ಸ್ ಮೀಟರು ಹಿಡಿದು ನಾವೇ ಬರುತ್ತೇವೆ. ಬೆಳಗ್ಗೆ ಒಮ್ಮೆ, ಬಿಸಿಲು ಪಶ್ಚಿಮಕ್ಕೆ ತಿರುಗಿದ ಮೇಲೆ ನಾಲ್ಕು ಗಂಟೆಗೆ ಇನ್ನೊಮ್ಮೆ ಅಳೆಯಬೇಕು; ಆದ್ದರಿಂದ ಇಡೀ ದಿನ ಹಾಲಿನ ಬೀಗದ ಕೈ ನಮ್ಮ ಹತ್ತಿರ ಇರಲಿ.

ಇಂತಿ,
ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಚಿತ್ರ ಬರೆಯುವ, ಕಲ್ಲು ಕೆತ್ತುವ, ಚಿತ್ರಕಲೆ ಕಲಿಸುವ ಕೆಲವರು